ಮಾತಿಗೆ ಹೊಣೆ ಯಾರು?

ಮಾತಿಗೆ ಸಂಬಂಧಪಟ್ಟ ನಮ್ಮ ನುಡಿಗಟ್ಟುಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಾವು ಮಾತು ಕೊಡುತ್ತೇವೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇವೆ, ಕೆಲವೊಮ್ಮೆ ಮಾತಿಗೆ ತಪ್ಪುತ್ತೇವೆ. ಕೊಡುವುದು, ಉಳಿಸಿಕೊಳ್ಳುವುದು, ತಪ್ಪುವುದು—ಇವೆಲ್ಲ ಸಾಲದ ವ್ಯವಹಾರದ ಭಾಷೆ. ಅಂದರೆ ನಮ್ಮ ಹಿರಿಯರ ದೃಷ್ಟಿಯಲ್ಲಿ ಮಾತೆಂಬುದು ಬರಿಯ ಸದ್ದಲ್ಲ. ಆಡಿದವನು ತನ್ನ ಹೆಸರಿನಲ್ಲಿ ಬರೆದುಕೊಟ್ಟ ಪತ್ರ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂಬ ಗಾದೆಯಲ್ಲಿರುವುದೂ ಈ ಎಚ್ಚರವೇ. ಹೋದ ಮಾತು ಎಲ್ಲಿ ಹೋಯಿತೆಂದರೆ ಕೇಳಿದವನ ವಶಕ್ಕೆ ಹೋಯಿತು. ಇನ್ನು ಅವನು ಅದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರಬಹುದು.

ಹೀಗಿರಲು, ಯಾರ ಹೆಸರೂ ಇಲ್ಲದ ಮಾತೊಂದು ನಮ್ಮ ಕಿವಿಗೆ ಬಿದ್ದರೆ ಅದನ್ನು ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ನಾನು ವಿಡಿಯೊ ಗೇಮುಗಳ ಹಳೆಯ ಚರಿತ್ರೆಯಿಂದ ಎತ್ತಿಕೊಂಡು ವಿಚಾರಮಾಡಬೇಕೆಂದಿದ್ದೇನೆ. ಮಕ್ಕಳ ಆಟದ ಪೆಟ್ಟಿಗೆಗೂ ಧರ್ಮವಿಚಾರಕ್ಕೂ ಏನು ನಂಟು ಎಂದು ಓದುಗರು ನಕ್ಕರೆ ನನ್ನ ಆಕ್ಷೇಪವಿಲ್ಲ. ಆದರೆ ದೊಡ್ಡ ಪ್ರಶ್ನೆಗಳು ದೊಡ್ಡ ಜಾಗದಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ. ಇಂದು ಫೋನಿನಲ್ಲಿ, ಬ್ಯಾಂಕಿನಲ್ಲಿ, ರೈಲ್ವೆ ನಿಲ್ದಾಣದಲ್ಲಿ, ಅಡಿಗೆಮನೆಯಲ್ಲಿ ಕೂಡ ಯಂತ್ರಗಳು ನಮ್ಮೊಡನೆ ಮಾತನಾಡುತ್ತಿವೆ. ಇವು ಮನುಷ್ಯರ ಮನೆಯೊಳಗೆ ಬಂದು ಬಾಯಿ ತೆರೆಯಲು ಕಲಿತ ಮೊದಲ ಎಡೆಗಳಲ್ಲಿ ಆಟದ ಪೆಟ್ಟಿಗೆಯೂ ಒಂದು. ಮೊದಲು ಬಾಯಿ ಬಂದಾಗ ಅವು ಆಡಿದ್ದೇನು ಎಂದು ನೋಡುವುದರಲ್ಲಿ ಲಾಭವಿದೆ.

ದೇಹವಿಲ್ಲದ ಮಾತು ನಮಗೆ ಹೊಸದಲ್ಲ. ಮದುವೆಯ ದಿಬ್ಬಣದಲ್ಲಿ ತಂಗಿಯ ರಥ ನಡೆಸುತ್ತಿದ್ದ ಕಂಸನಿಗೆ, ಅವಳ ಎಂಟನೆಯ ಗರ್ಭದಿಂದ ನಿನಗೆ ಮರಣವೆಂದು ಹೇಳಿದ್ದು ಅಶರೀರವಾಣಿ. ೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ರೇಡಿಯೋ ನಿಲಯವನ್ನು ಸ್ಥಾಪಿಸಿದಾಗ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದುದು, ಮುಂದೆ ಅದೇ ಹೆಸರು ದೇಶದ ರೇಡಿಯೋಕ್ಕೆಲ್ಲ ಆದುದು ನಮ್ಮವರಿಗೆ ತಿಳಿದ ವಿಷಯ. ಆದರೆ ರೇಡಿಯೋದ ಮಾತಿಗೆ ಒಡೆಯನುಂಟು. ಎಲ್ಲೋ ಒಂದು ಕೊಠಡಿಯಲ್ಲಿ ಒಬ್ಬ ಮನುಷ್ಯ ಕುಳಿತು ಓದುತ್ತಿದ್ದಾನೆ. ತಪ್ಪು ಓದಿದರೆ ಕ್ಷಮೆ ಕೇಳುತ್ತಾನೆ. ಗ್ರಾಮಫೋನಿನ ಹಾಡಿಗೂ ಒಡೆಯನುಂಟು. ಅವನು ಹಿಂದೆ ಎಂದೋ ಹಾಡಿದ್ದಾನೆ. ಆಟದ ಪೆಟ್ಟಿಗೆಯ ಮಾತಿನಲ್ಲಿ ಈ ನಂಟು ಸಡಿಲವಾಯಿತು. ಅಲ್ಲಿ ಪದಗಳನ್ನು ಯಾರೋ ಒಂದೊಂದಾಗಿ ಒಂದು ದಿನ ಉಚ್ಚರಿಸಿರಬಹುದು. ಆದರೆ ಯಾವ ಪದ ಯಾವಾಗ, ಯಾರಿಗೆ, ಏನನ್ನು ಕುರಿತು ಹೇಳಬೇಕೆಂದು ಆ ಹೊತ್ತಿನಲ್ಲಿ ನಿರ್ಧರಿಸುವುದು ಯಂತ್ರ.

ಆ ಮಾತು ಎಷ್ಟು ಕಷ್ಟದಿಂದ ಹುಟ್ಟಿತೆಂಬುದನ್ನು ಸ್ವಲ್ಪ ವಿವರಿಸಬೇಕು. ಧ್ವನಿಯನ್ನು ಯಂತ್ರದಲ್ಲಿಡಬೇಕಾದರೆ ಅದರ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಆ ಅಳತೆಗಳನ್ನು ಅಂಕಿಗಳಾಗಿ ಬರೆದಿಡಬೇಕು. ಟೆಲಿಫೋನಿನ ಮಟ್ಟದ ಧ್ವನಿಗೆ ಸೆಕೆಂಡಿಗೆ ೮೦೦೦ ಅಳತೆ ಬೇಕು. ಒಂದು ಅಳತೆಗೆ ಒಂದು ಬೈಟ್ ಎಂದಿಟ್ಟುಕೊಂಡರೆ ಒಂದು ಸೆಕೆಂಡಿಗೆ ೮೦೦೦ ಬೈಟ್. ೧೯೭೭ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಅಟಾರಿ ೨೬೦೦ ಎಂಬ ಪೆಟ್ಟಿಗೆಯ ಕಾರ್ಟ್ರಿಜ್‌ಗಳಲ್ಲಿ ಆಗ ಇಡೀ ಆಟವೇ ೪೦೯೬ ಬೈಟ್‌ನೊಳಗೆ ಮುಗಿಯಬೇಕಾಗಿತ್ತು. ಆಟವನ್ನೆಲ್ಲ ಹೊರಗೆ ಹಾಕಿ ಬರಿಯ ಧ್ವನಿಯನ್ನು ತುಂಬಿದರೂ ಅರ್ಧ ಸೆಕೆಂಡಿನ ಮಾತು! ಕರೆದ ಹೆಸರಿನ ಕೊನೆಯ ಅಕ್ಷರ ಹೊರಗೇ ಉಳಿಯುತ್ತಿತ್ತು.

ಇನ್ನೂ ಒಂದು ತೊಡಕಿತ್ತು. ಆ ಪೆಟ್ಟಿಗೆಯ ಒಳಗಿನ ಕೆಲಸಗಾರ ಒಬ್ಬನೇ. ಟೆಲಿವಿಷನ್ ಪರದೆಯ ಮೇಲಿನ ಒಂದೊಂದು ಗೆರೆಯನ್ನೂ ಅದು ಮೂಡುವ ಹೊತ್ತಿಗೆ ಸರಿಯಾಗಿ ಅವನೇ ಒದಗಿಸಬೇಕು. ಧ್ವನಿಯನ್ನೂ ಅವನೇ ಹೊರಡಿಸಬೇಕೆಂದರೆ ಚಿತ್ರ ಬಿಡಿಸಲು ಬಿಡುವೆಲ್ಲಿ? ೧೯೮೩ರಲ್ಲಿ 'ಕ್ವಾಡ್ರನ್' ಎಂಬ ಆಟ ಬೇರೆ ಯಾವ ಉಪಕರಣದ ಸಹಾಯವೂ ಇಲ್ಲದೆ ಆ ಪೆಟ್ಟಿಗೆಯ ಬಾಯಿಂದ ಮಾತು ಹೊರಡಿಸಿತು. ಆಗ ಮಾತನಾಡುವಷ್ಟು ಹೊತ್ತು ಚಿತ್ರವನ್ನು ಕೈಬಿಡಬೇಕಾಯಿತು. ಕಣ್ಣು ಮುಚ್ಚಿಕೊಂಡು ಮಾತನಾಡುವ ಯಂತ್ರವೆಂದರೆ ಸಲ್ಲುತ್ತದೆ.

ಈ ಬಡತನವನ್ನು ದಾಟಲು ವಿಜ್ಞಾನಿಗಳು ಹಿಡಿದ ಒಂದು ದಾರಿ ಬಹಳ ಸೊಗಸಾದುದು. ಧ್ವನಿಯನ್ನು ಬರೆದಿಡುವ ಬದಲು ಧ್ವನಿ ಹುಟ್ಟುವ ಗಂಟಲನ್ನೇ ಲೆಕ್ಕದಲ್ಲಿ ಕಟ್ಟಿದರೆ ಹೇಗೆ? ನಮ್ಮ ಗಂಟಲು, ಬಾಯಿಗಳೆಂದರೆ ಆಕಾರ ಬದಲಿಸುವ ಒಂದು ಕೊಳವೆ. ಆ ಆಕಾರ ಕ್ಷಣಕ್ಷಣಕ್ಕೂ ಹೇಗಿರಬೇಕೆಂಬ ಕೆಲವೇ ಅಂಕಿಗಳಿದ್ದರೆ ಸಾಕು, ಹಿಂದಿನ ಅಳತೆಗಳಿಂದ ಮುಂದಿನ ಅಳತೆಯನ್ನು ಯಂತ್ರವೇ ಊಹಿಸಿಕೊಳ್ಳುತ್ತದೆ. ಈ ಮಾರ್ಗವನ್ನು ಕಂಡುಕೊಂಡವರಲ್ಲಿ ಜಪಾನಿನ ಇಟಾಕುರಾ ಮತ್ತು ಸೈಟೊ ಅವರೂ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಮನ್‌ಫ್ರೆಡ್ ಶ್ರೋಡರ್ ಮತ್ತು ಬಿಷ್ಣು ಅಟಲ್ ಅವರೂ ಮುಖ್ಯರು. ಈ ಅಟಲ್ ಕಾನ್ಪುರದಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೫೫ರಲ್ಲಿ ಡಿಪ್ಲೊಮಾ ಪಡೆದು, ೧೯೫೭ರಿಂದ ೧೯೬೦ರವರೆಗೆ ಅಲ್ಲಿಯೇ ಧ್ವನಿಶಾಸ್ತ್ರವನ್ನು ಬೋಧಿಸಿದವರು. ಅವರು ಮತ್ತು ಅವರ ಸಮಕಾಲೀನರು ತೋರಿದ ದಾರಿಯಲ್ಲಿಯೇ ೧೯೭೮ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆ ಮಕ್ಕಳಿಗೆ ಕಾಗುಣಿತ ಕಲಿಸುವ ಮಾತಿನ ಆಟಿಕೆಯನ್ನು ಹೊರತಂದಿತು. ೧೯೮೨ರಲ್ಲಿ ಮ್ಯಾಟೆಲ್ ಸಂಸ್ಥೆ ತನ್ನ ಇಂಟೆಲಿವಿಷನ್ ಎಂಬ ಆಟದ ಪೆಟ್ಟಿಗೆಗೆ ಜೋಡಿಸಲು ಮಾರಿದ 'ಇಂಟೆಲಿವಾಯ್ಸ್' ಉಪಕರಣದ ಚಿಪ್ಪೂ ಇದೇ ಬಗೆಯ ಲೆಕ್ಕದ ಗಂಟಲು.

ಒಂದು ಪದಕ್ಕೂ ಇಷ್ಟು ಪಾಡು ಪಡಬೇಕಾಗಿದ್ದ ಆ ಕಾಲದಲ್ಲಿ, ಸಿಕ್ಕಿದ ಅಷ್ಟಿಷ್ಟು ಬಾಯಿಯಲ್ಲಿ ಯಂತ್ರಗಳು ಆಡಿದ್ದೇನು? ಬಹುಪಾಲು ತಮ್ಮ ಹೆಸರನ್ನು. ಕ್ವಾಡ್ರನ್ ಕಣ್ಣುಮುಚ್ಚಿಕೊಂಡು ಉಚ್ಚರಿಸಿದ್ದು 'ಕ್ವಾಡ್ರನ್' ಎಂದು. ಇಂಟೆಲಿವಾಯ್ಸ್ ಜೀವ ಬಂದೊಡನೆ ಹೇಳುತ್ತಿದ್ದುದು ಮ್ಯಾಟೆಲ್ ಎಲೆಕ್ಟ್ರಾನಿಕ್ಸ್ ಎಂದು. ನಿಂಟೆಂಡೊ ಪೆಟ್ಟಿಗೆಯಲ್ಲಿ ಧ್ವನಿಯ ಒಂದು ತುಣುಕು ೪೦೮೧ ಬೈಟ್ ಮೀರುವಂತಿರಲಿಲ್ಲ, ಅತ್ಯುತ್ತಮ ಗುಣದಲ್ಲಿ ನುಡಿಸಿದರೆ ಅದು ಒಂದು ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ೧೯೮೭ರ 'ಡಬಲ್ ಡ್ರಿಬಲ್' ಎಂಬ ಬ್ಯಾಸ್ಕೆಟ್‌ಬಾಲ್ ಆಟ ಆ ಪೆಟ್ಟಿಗೆಯಲ್ಲಿ ಮೊದಲು ಕೂಗಿದ್ದು ತನ್ನ ಹೆಸರನ್ನೇ. ೧೯೯೧ರಲ್ಲಿ 'ಸಾನಿಕ್' ಎಂಬ ಪ್ರಸಿದ್ಧ ಆಟ ತೊಡಗುವ ಮುನ್ನ 'ಸೇಗಾ' ಎಂಬ ಎರಡಕ್ಷರದ ಕೂಗು ಕೇಳಿಸುತ್ತಿತ್ತು. ಇಡೀ ಕಾರ್ಟ್ರಿಜ್‌ನ ಎಂಟನೆಯ ಒಂದು ಪಾಲನ್ನು ಅದೊಂದೇ ನುಂಗಿತ್ತೆಂದು ಆ ಆಟದ ಪ್ರೋಗ್ರಾಮರ್ ಯೂಜಿ ನಾಕಾ ಹೇಳಿದ್ದುಂಟು. ಎಕರೆ ಎಂಟರಲ್ಲಿ ಒಂದೆಕರೆಯಷ್ಟು ಹೆಸರಿನ ಹಲಗೆಗೇ ಬಿಟ್ಟಂತಾಯಿತು.

ಮನುಷ್ಯರ ಮಗು ಹೀಗೆ ಮಾಡುವುದಿಲ್ಲ. ನಾಲಗೆ ಹೊರಳಲು ತೊಡಗಿದ ಮಗು 'ಅಮ್ಮ' ಎನ್ನುತ್ತದೆ, 'ಅಪ್ಪ' ಎನ್ನುತ್ತದೆ, 'ಹಾಲು' ಎನ್ನುತ್ತದೆ, ಬಾಗಿಲಿಗೆ ಬಂದ ಕಾಗೆಯನ್ನು ಕರೆಯುತ್ತದೆ. ತನ್ನ ಹೆಸರನ್ನು ಅದು ಕಲಿಯುವುದು ಆಮೇಲೆ, ಅದೂ ಬೇರೆಯವರು ಕರೆದು ಕರೆದು. ಮಾತು ಹುಟ್ಟುವುದು ಇನ್ನೊಬ್ಬರನ್ನು ಕರೆಯುವುದಕ್ಕೆ. ಯಂತ್ರದ ಮೊದಲ ಮಾತು ಮಾಡಿದವನ ಹೆಸರಾದುದರಲ್ಲಿ ಅದರ ದೋಷವೇನೂ ಇಲ್ಲ. ಆದರೆ ಆ ಬಾಯಿಯ ಹಿಂದೆ ಯಾರು ನಿಂತಿದ್ದಾರೆಂಬ ಸುಳಿವು ಅದರಿಂದ ಸಿಕ್ಕುತ್ತದೆ.

ಈಗ ಮುಖ್ಯ ವಿಚಾರಕ್ಕೆ ಬರೋಣ. ನಮ್ಮ ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನಗಳಂತೆ ಶಬ್ದವನ್ನೂ, ಎಂದರೆ ಇನ್ನೊಬ್ಬರ ಮಾತನ್ನೂ, ತಿಳಿವಿನ ಒಂದು ಪ್ರಮಾಣವೆಂದು ಒಪ್ಪಿದರು. ಆದರೆ ಯಾರೆಂದರವರ ಮಾತನ್ನಲ್ಲ, ಆಪ್ತನ ಮಾತನ್ನು. ಆಪ್ತನೆಂದರೆ ಬಂಧುವಲ್ಲ, ದೊಡ್ಡಮನುಷ್ಯನೂ ಅಲ್ಲ. ವಿಷಯವನ್ನು ಸ್ವತಃ ಬಲ್ಲವನು, ಮತ್ತು ಬಲ್ಲದ್ದನ್ನು ಬಲ್ಲಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು—ಈ ಎರಡು ಲಕ್ಷಣವಿದ್ದರೆ ಋಷಿಯಾದರೂ ಸರಿ, ಮ್ಲೇಚ್ಛನಾದರೂ ಸರಿ, ಅವನು ಆಪ್ತನೇ ಎಂದು ಭಾಷ್ಯಕಾರನಾದ ವಾತ್ಸ್ಯಾಯನ ಹೇಳಿದ್ದಾನೆ. ಈ ಉದಾರವಾದ ಅಳತೆಗೋಲನ್ನು ಹಿಡಿದು ಯಂತ್ರವನ್ನು ಅಳೆದರೆ ಏನಾಗುತ್ತದೆ?

ಇಂಟೆಲಿವಾಯ್ಸ್‌ನೊಡನೆ ೧೯೮೨ರಲ್ಲಿ ಬಂದ ಆಟಗಳಲ್ಲಿ 'ಬಿ-೧೭ ಬಾಂಬರ್' ಎಂಬುದೊಂದು. ಆಡುವವನು ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನವೊಂದನ್ನು ನಡೆಸಬೇಕು. ಶತ್ರುವಿನ ವಿಮಾನ ಮೇಲೆ ಬಿದ್ದಾಗ ಪೆಟ್ಟಿಗೆಯಿಂದ ಒಂದು ಧ್ವನಿ ಹೊರಟು, ಗಡಿಯಾರದ ಲೆಕ್ಕದಲ್ಲಿ ಅದು ಯಾವ ದಿಕ್ಕಿನಲ್ಲಿದೆ ಎಂದು ಕೂಗಿ ಹೇಳುತ್ತದೆ. ಆರು ಗಂಟೆ ಎಂದರೆ ಬೆನ್ನಹಿಂದೆ. ಆಡುವವನು ಆ ಮಾತನ್ನು ನಂಬಿ ಆ ದಿಕ್ಕಿನ ಬಂದೂಕಿನ ಕಡೆಗೆ ತಿರುಗುತ್ತಾನೆ. ಅಲ್ಲಿ ಶತ್ರು ಇದ್ದೇ ಇರುತ್ತಾನೆ. ಇಲ್ಲಿ ಹೇಳಿದ್ದು ನಿಜ. ಏಕೆಂದರೆ ಶತ್ರು ಎಲ್ಲಿದ್ದಾನೆಂಬುದು ಯಂತ್ರಕ್ಕೆ ಗೊತ್ತು. ಆ ಶತ್ರುವನ್ನು ಇರಿಸಿದ್ದೇ ಅದು. ಅದನ್ನು ಹಾಗೆಯೇ ತಿಳಿಸಬೇಕೆಂಬ ಇಚ್ಛೆ ಯಂತ್ರದ್ದಲ್ಲ, ಆಟವನ್ನು ಕಟ್ಟಿದವರದು. ಆಪ್ತನ ಎರಡು ಲಕ್ಷಣಗಳಲ್ಲಿ ತಿಳಿವು ಯಂತ್ರದ ಪಾಲಿಗೂ ಇಚ್ಛೆ ಮನುಷ್ಯನ ಪಾಲಿಗೂ ಹಂಚಿಹೋದುವು. ಎರಡೂ ಪ್ರಾಮಾಣಿಕವಾಗಿ ಕೂಡಿದುದರಿಂದ ಮಾತು ನಂಬಲು ಅರ್ಹವಾಯಿತು. ಧ್ವನಿ ಗೊಗ್ಗರಾಗಿತ್ತು, ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ಅದರಿಂದ ಸತ್ಯಕ್ಕೆ ಕುಂದೇನೂ ಬರಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ. ೧೯೮೦ರಲ್ಲಿ ಸ್ಟರ್ನ್ ಎಂಬ ಸಂಸ್ಥೆ 'ಬರ್ಜರ್ಕ್' ಎಂಬ ಆಟವನ್ನು ಅಂಗಡಿಗಳಲ್ಲಿಡುವ, ಕಾಸು ಹಾಕಿ ಆಡುವ ದೊಡ್ಡ ಪೆಟ್ಟಿಗೆಯಾಗಿ ಹೊರತಂದಿತು. ಮುಂದೆ ಅದು ಮಾತಿನೊಡನೆಯೇ ಅಟಾರಿ ೫೨೦೦ ಎಂಬ ಮನೆಯ ಪೆಟ್ಟಿಗೆಗೂ ಬಂತು. ಜಟಿಲವಾದ ಗೋಡೆಗಳ ನಡುವೆ ಸಿಕ್ಕಿಕೊಂಡ ಮನುಷ್ಯನನ್ನು ರೋಬೋಟುಗಳು ಬೆನ್ನಟ್ಟುತ್ತವೆ, ಬೆನ್ನಟ್ಟುತ್ತ ಮಾತನಾಡುತ್ತವೆ. ಅವುಗಳ ಶಬ್ದಭಂಡಾರ ಸುಮಾರು ೩೦ ಪದ. ಒಂದೊಂದು ಪದವನ್ನು ಯಂತ್ರಕ್ಕಿಳಿಸಲು ಸಾವಿರ ಡಾಲರಿನಷ್ಟು ತಗಲುತ್ತಿತ್ತೆಂದು ಹೇಳುತ್ತಾರೆ. ಇಷ್ಟು ಬೆಲೆಯ ಪದಗಳಲ್ಲಿ ಕೆಲವನ್ನು ಸೇರಿಸಿ, ಯಾರೂ ಆಡದೆ ಪೆಟ್ಟಿಗೆ ಸುಮ್ಮನೆ ನಿಂತಿರುವಾಗ ಅದರ ಬಾಯಲ್ಲಿ ಹೇಳಿಸಿದ ವಾಕ್ಯದ ಅರ್ಥ ಇಷ್ಟು: 'ಜೇಬಿನಲ್ಲಿ ನಾಣ್ಯವಿರುವುದು ಪತ್ತೆಯಾಗಿದೆ.'

ಪತ್ತೆ ಮಾಡಿದವರು ಯಾರು? ಯಾರೂ ಇಲ್ಲ. ಆ ಪೆಟ್ಟಿಗೆಗೆ ಎದುರಿಗೆ ಮನುಷ್ಯ ನಿಂತಿದ್ದಾನೆಯೇ ಎಂದು ಕಾಣುವ ಕಣ್ಣೂ ಇಲ್ಲ, ಜೇಬನ್ನು ತಡಕುವ ಕೈಯೂ ಇಲ್ಲ. ಜೇಬು ತುಂಬಿದವನು ಹಾದುಹೋದರೂ, ಬರಿಜೇಬಿನ ಬಡವ ಹಾದುಹೋದರೂ, ರಾತ್ರಿ ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ ಅದು ಆ ಮಾತನ್ನೇ ಆಡುತ್ತದೆ. ಸಾಲದುದಕ್ಕೆ ಆ ಹುಡುಗರಲ್ಲಿ ಯಾರ ಜೇಬಿನಲ್ಲಾದರೂ ಒಂದು ನಾಣ್ಯವಿದ್ದೇ ಇರುತ್ತದೆ. ಆದುದರಿಂದ ಸುಳ್ಳು ಅನೇಕ ಸಲ ನಿಜದಂತೆ ಕಾಣುತ್ತದೆ. ತಿಳಿಯದೆ ಆಡಿದ ಮಾತು ನಿಜವಾದರೂ ಅದು ಆಡಿದವನ ಸತ್ಯವಲ್ಲ, ಕೇಳಿದವನ ಅದೃಷ್ಟ.

ಇಲ್ಲಿ ಒಂದು ವಿಚಿತ್ರವಿದೆ. ಬರ್ಜರ್ಕಿನ ಬಾಯಿಗೆ ಇಟ್ಟ ಚಿಪ್ ಆ ಆಟಕ್ಕಾಗಿ ಹುಟ್ಟಿದ್ದಲ್ಲ. ಫಾರೆಸ್ಟ್ ಮೋಜರ್ ಎಂಬ ಭೌತವಿಜ್ಞಾನಿ ಕಂಡುಕೊಂಡ, ಧ್ವನಿಯನ್ನು ಹಿಂಡಿ ಚಿಕ್ಕದು ಮಾಡುವ ಇನ್ನೊಂದು ವಿಧಾನದಿಂದ ಹುಟ್ಟಿದ ಆ ಚಿಪ್ಪನ್ನು ಟೆಲಿಸೆನ್ಸರಿ ಸಿಸ್ಟಮ್ಸ್ ಎಂಬ ಸಂಸ್ಥೆ ಕುರುಡರಿಗಾಗಿ ತಯಾರಿಸಿದ ಮಾತನಾಡುವ ಲೆಕ್ಕದ ಯಂತ್ರದಲ್ಲಿ ಬಳಸಿತ್ತು. ಅದು ಮಾರುಕಟ್ಟೆಗೆ ಬಂದುದು ೧೯೭೬ರಲ್ಲಿ. ಅದಕ್ಕೆ ಬರುತ್ತಿದ್ದುದು ೨೪ ಪದಗಳು: ಅಂಕಿಗಳ ಹೆಸರು, ಕೂಡು, ಕಳೆ, ಬಿಂದು, ಇಂಥವು. ಕಣ್ಣಿಲ್ಲದವನು ಏಳನ್ನು ಒತ್ತಿದರೆ ಅದು 'ಏಳು' ಎನ್ನುತ್ತದೆ. ಅಷ್ಟೇ. ಆ 'ಏಳು' ಎಂಬ ಪದದ ಮೇಲೆ ಒಬ್ಬನ ಅಂಗಡಿಯ ಲೆಕ್ಕ ನಿಂತಿರಬಹುದು, ಒಬ್ಬ ವಿದ್ಯಾರ್ಥಿಯ ಪರೀಕ್ಷೆ ನಿಂತಿರಬಹುದು. ಗಂಟಲು ಒಂದೇ, ಒಂದು ಕಡೆ ಅದು ಕಾಣದವನಿಗೆ ಕಂಡದ್ದನ್ನು ಹೇಳಿತು, ಇನ್ನೊಂದು ಕಡೆ ತಾನು ಕಾಣದ್ದನ್ನು ಕಂಡೆನೆಂದಿತು. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ: ಒಳ್ಳೆಯ ಮಾತು ಕೆಟ್ಟ ಮಾತುಗಳ ವಿಂಗಡಣೆ ಯಂತ್ರದಲ್ಲಿಲ್ಲ. ಪದಗಳನ್ನು ಆಯ್ದವನಲ್ಲಿದೆ.

'ಅಯ್ಯಾ, ಆಟದ ಮಾತನ್ನು ಇಷ್ಟು ಗಂಭೀರವಾಗಿ ಹಿಡಿಯಬಹುದೇ? ಯಕ್ಷಗಾನದ ಕಂಸ ಕೃಷ್ಣನನ್ನು ಕೊಲ್ಲುತ್ತೇನೆಂದರೆ ಪೊಲೀಸರಿಗೆ ದೂರು ಕೊಡುತ್ತೇವೆಯೇ?' ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಆಕ್ಷೇಪ. ರಂಗಸ್ಥಳದ ಒಳಗೆ ಆಡಿದ ಮಾತು ಸುಳ್ಳಲ್ಲ, ಏಕೆಂದರೆ ಆಡಿದವನೂ ಕೇಳಿದವನೂ ಅದು ಆಟವೆಂಬ ಒಪ್ಪಂದಕ್ಕೆ ಒಳಗಾಗಿದ್ದಾರೆ. ಬರ್ಜರ್ಕಿನ ರೋಬೋಟು ಗೋಡೆಗಳ ನಡುವೆ ನುಗ್ಗುತ್ತ, ಓಡಿಹೋಗುವ ಆಟಗಾರನನ್ನು ಹೇಡಿ ಎಂದು ಮೂದಲಿಸಿದರೆ ಅದು ವೇಷದ ಮಾತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ಕಂಸ ಕಿರೀಟ ತೆಗೆಯದೆ ಡೇರೆಯ ಹೊರಗೆ ಬಂದು, ರಸ್ತೆಯಲ್ಲಿ ಹೋಗುವವನ ಹೆಗಲ ಮೇಲೆ ಕೈಯಿಟ್ಟು, 'ನಿನ್ನ ಹತ್ತಿರ ದುಡ್ಡಿದೆ, ನನಗೆ ಗೊತ್ತು, ಟಿಕೆಟ್ಟು ಕೊಳ್ಳು' ಎಂದರೆ? ಆಗ ಅವನು ಕಂಸನಲ್ಲ, ಟಿಕೆಟ್ಟು ಮಾರುವವನು. ವೇಷವೊಂದೇ ಉಳಿದಿದೆ, ಒಪ್ಪಂದ ಉಳಿದಿಲ್ಲ.

ಈ ಗೆರೆಯನ್ನು ಗುರುತಿಸಲು ನನಗೊಂದು ಸುಲಭವಾದ ಉಪಾಯ ತೋರುತ್ತದೆ. ಇಂಟೆಲಿವಾಯ್ಸ್ ಮಾಡಿದ ಮ್ಯಾಟೆಲ್ ಸಂಸ್ಥೆಯೇ ೧೯೬೦ರ ಸುಮಾರಿಗೆ ಚಾಟಿ ಕ್ಯಾಥಿ ಎಂಬ ಮಾತನಾಡುವ ಗೊಂಬೆಯನ್ನು ಮಾರಿತ್ತು. ಅದರ ಬೆನ್ನಿನಲ್ಲಿ ಒಂದು ದಾರ. ಹೊಟ್ಟೆಯಲ್ಲಿ ಒಂದು ಪುಟ್ಟ ಗ್ರಾಮಫೋನ್ ತಟ್ಟೆ. ದಾರ ಎಳೆದರೆ ಹನ್ನೊಂದು ಮಾತುಗಳಲ್ಲಿ ಒಂದನ್ನು ಆಡುತ್ತದೆ. ನಿನ್ನನ್ನು ಪ್ರೀತಿಸುತ್ತೇನೆ ಎಂದೂ ಹೇಳುತ್ತದೆ. ಗೊಂಬೆಗೆ ಪ್ರೀತಿಯೆಲ್ಲಿ ಬಂತು ಎಂದು ಕೇಳಿದರೆ ನಾವೇ ಪೆದ್ದರಾಗುತ್ತೇವೆ. ದಾರ ಎಳೆದವಳು ಮಗು. ಆ ಮಾತನ್ನು ಕೇಳಬೇಕೆಂದು ಬಯಸಿದವಳು ಅವಳು. ಆ ಹೊತ್ತಿಗೆ ಗೊಂಬೆಯ ಮಾತಿಗೆ ಒಡೆಯಳೂ ಅವಳೇ. ೧೯೮೨ರಲ್ಲಿ ಮ್ಯಾಗ್ನವಾಕ್ಸ್ ಸಂಸ್ಥೆಯ ಒಡಿಸ್ಸಿ ಪೆಟ್ಟಿಗೆಗೆ ಬಂದ 'ದಿ ವಾಯ್ಸ್' ಎಂಬ ಉಪಕರಣದಲ್ಲಿ ಮಕ್ಕಳು ಅಕ್ಷರಗಳನ್ನು ಒತ್ತಿ ಬರೆದುದನ್ನು ಯಂತ್ರ ಉಚ್ಚರಿಸುವ ಆಟವೊಂದಿತ್ತು. ಅಲ್ಲಿಯೂ ದಾರ ಮಗುವಿನ ಕೈಯಲ್ಲಿಯೇ. ಅಂಗಡಿಯ ಪೆಟ್ಟಿಗೆ ಜೇಬಿನ ನಾಣ್ಯದ ಮಾತನ್ನು ಆಡಿದಾಗ ಮಾತ್ರ ದಾರವನ್ನು ನಾವು ಎಳೆದಿರಲಿಲ್ಲ. ಮಾತನಾಡುವ ಯಂತ್ರದ ಮುಂದೆ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ: ದಾರ ಯಾರ ಕೈಯಲ್ಲಿದೆ?

ಒಳ್ಳೆಯ ಇಚ್ಛೆಯೂ ತಿಳಿವೂ ಇದ್ದು ಮಾತು ಕೆಡುವುದುಂಟು. ಅದಕ್ಕೂ ಈ ಚರಿತ್ರೆಯಲ್ಲಿ ಒಂದು ನಿದರ್ಶನ ಸಿಕ್ಕುತ್ತದೆ. ಈ ಸಲ ಯಂತ್ರದ ಬಾಯಿಯದಲ್ಲ, ಯಂತ್ರದ ಕಿವಿಯದು. ೧೯೮೩ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಮಾರಲು ತೊಡಗಿದ ಫ್ಯಾಮಿಕಾಮ್ ಪೆಟ್ಟಿಗೆಯ ಎರಡನೆಯ ಕೈಪಿಡಿಯಲ್ಲಿ ಒಂದು ಪುಟ್ಟ ಮೈಕ್ರೊಫೋನ್ ಇತ್ತು. ೧೯೮೬ರ 'ಜೆಲ್ಡಾ' ಆಟದಲ್ಲಿ ಮೊಲದ ಕಿವಿಯಂಥ ದೊಡ್ಡ ಕಿವಿಗಳ ಒಂದು ಪಿಶಾಚಿ ಬರುತ್ತದೆ. ಆಡುವವನು ಮೈಕ್ರೊಫೋನಿನಲ್ಲಿ ಗಟ್ಟಿಯಾಗಿ ಕೂಗಿದರೆ ಸತ್ತುಬೀಳುತ್ತದೆ. ಮರುವರ್ಷ ಆ ಆಟ ಅಮೆರಿಕಕ್ಕೆ ಹೋಯಿತು. ಅಲ್ಲಿನ ಪೆಟ್ಟಿಗೆಗೆ ಮೈಕ್ರೊಫೋನ್ ಇರಲಿಲ್ಲ. ಬಾಣ ಹೊಡೆದು ಸುಲಭವಾಗಿ ಕೊಲ್ಲುವಂತೆ ಆಟವನ್ನು ತಿದ್ದಿದರು. ಆದರೆ ಜೊತೆಗೆ ಕೊಟ್ಟ ಪುಸ್ತಿಕೆಯಲ್ಲಿ, ಈ ಪಿಶಾಚಿಗೆ ದೊಡ್ಡ ಸದ್ದೆಂದರೆ ಆಗದು ಎಂಬ ಮಾತು ಹಾಗೆಯೇ ಉಳಿಯಿತು. ಅಮೆರಿಕದ ಮಕ್ಕಳು ಆಟದೊಳಗಿನ ಕೊಳಲನ್ನು ಊದಿ ನೋಡಿದರೆ ಪಿಶಾಚಿಗೆ ಏನೂ ಆಗಲಿಲ್ಲ. ಇಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲ. ಒಂದು ದೇಶದಲ್ಲಿ ನಿಜವಾಗಿದ್ದ ಮಾತು ಕಡಲು ದಾಟುವಷ್ಟರಲ್ಲಿ ಸುಳ್ಳಾಯಿತು. ಮಾತನ್ನು ಒಯ್ದವರು ಅದರ ಜೊತೆಗೆ ಅದರ ಅರ್ಥವೂ ಬಂದಿದೆಯೇ ಎಂದು ನೋಡಲಿಲ್ಲ. ಮಾತಿನ ಹೊಣೆ ಆಡಿದ ದಿನಕ್ಕೆ ಮುಗಿಯುವುದಿಲ್ಲ, ಅದನ್ನು ಮತ್ತೆ ಮತ್ತೆ ಆಡಿಸುವವನ ಮೇಲೂ ಇರುತ್ತದೆ ಎಂಬುದಕ್ಕೆ ಇದು ಸಾಕಾದ ಸಾಕ್ಷಿ.

ಒಂದು ಪದಕ್ಕೆ ಸಾವಿರ ಡಾಲರ್ ತಗಲುತ್ತಿದ್ದ ಕಾಲ ಕಳೆದುಹೋಗಿ ಬಹಳ ವರ್ಷಗಳಾದುವು. ಇಂದು ಯಂತ್ರದ ಮಾತಿಗೆ ಬೆಲೆಯೇ ಇಲ್ಲವೆನ್ನಬೇಕು. ಕೆಲವೇ ಸೆಕೆಂಡುಗಳ ಮಾದರಿ ಸಿಕ್ಕಿದರೆ ಯಾವ ಮನುಷ್ಯನ ಕಂಠದಲ್ಲಿ ಬೇಕಾದರೂ ಯಾವ ಮಾತನ್ನು ಬೇಕಾದರೂ ಹುಟ್ಟಿಸಬಹುದು. ಮಗನ ಧ್ವನಿಯಲ್ಲಿ ತಾಯಿಗೆ ಫೋನ್ ಮಾಡಿ ಹಣ ಕೀಳುವ ವಂಚನೆಗಳೂ ನಡೆಯುತ್ತಿವೆ. ಮಾತು ದುಬಾರಿಯಾಗಿದ್ದಾಗ ಜನ ಹೆಚ್ಚು ಪ್ರಾಮಾಣಿಕರಾಗಿದ್ದರೆಂದು ಹೇಳಿ ಹಳೆಯ ಕಾಲವನ್ನು ಹೊಗಳುವ ಆಸೆಯಾಗುತ್ತದೆ. ಆದರೆ ಅದು ನಿಜವಲ್ಲ. ದುಬಾರಿಯ ಮಾತಿನಲ್ಲಿಯೇ ಜೇಬಿನ ನಾಣ್ಯದ ಸುಳ್ಳನ್ನು ಹೇಳಿಸಿದ್ದನ್ನು ಈಗತಾನೆ ನೋಡಿದೆವು. ಬದಲಾದುದು ಬೇರೆ. ಅಂದಿನ ಗೊಗ್ಗರು ಕಂಠ ಕೇಳಿದೊಡನೆ ಇದು ಯಂತ್ರವೆಂದು ಗೊತ್ತಾಗುತ್ತಿತ್ತು. ದೋಷವೇ ಅದರ ಗುರುತಾಗಿತ್ತು. ಇಂದು ಆ ಗುರುತು ಅಳಿಸಿಹೋಗಿದೆ.

ಕೆಲವು ತಿಂಗಳ ಹಿಂದೆ ನಾನು ಒಂದು ಕಛೇರಿಗೆ ಸಣ್ಣದೊಂದು ಕೆಲಸಕ್ಕಾಗಿ ಫೋನ್ ಮಾಡಿದೆ. ಮಧುರವಾದ ಹೆಣ್ಣಿನ ಧ್ವನಿಯೊಂದು, ಸ್ವಚ್ಛವಾದ ಕನ್ನಡದಲ್ಲಿ, 'ನಿಮ್ಮ ಕರೆ ನಮಗೆ ಬಹಳ ಮುಖ್ಯ, ದಯವಿಟ್ಟು ಕಾಯಿರಿ' ಎಂದಿತು. ಕಾದೆ. ಎರಡು ನಿಮಿಷಕ್ಕೊಮ್ಮೆ ಅದೇ ಮಾತು ಬಂತು. ಇಪ್ಪತ್ತು ನಿಮಿಷದ ಮೇಲೆ ಫೋನ್ ತಾನಾಗಿಯೇ ನಿಂತುಹೋಯಿತು. ನನ್ನ ಕರೆ ಮುಖ್ಯವೆಂದು ತಿಳಿದವರು ಯಾರು? ಆ ಧ್ವನಿಯಲ್ಲ, ಅದಕ್ಕೆ ನಾನು ಯಾರೆಂದೂ ಗೊತ್ತಿಲ್ಲ. ಕಛೇರಿಯವರೂ ಅಲ್ಲ, ಮುಖ್ಯವಾಗಿದ್ದರೆ ಎತ್ತಿಕೊಳ್ಳುತ್ತಿದ್ದರು. ಜೇಬಿನಲ್ಲಿ ನಾಣ್ಯ ಕಂಡ ಆ ಪೆಟ್ಟಿಗೆಗೂ ಇದಕ್ಕೂ ವಂಶದ ಹೋಲಿಕೆಯಿದೆ. ಎದುರಿಗೆ ನಿಂತು ಒಬ್ಬ ಗುಮಾಸ್ತ ಹೀಗೆ ಹತ್ತು ಸಲ ಹೇಳಿ ಏನೂ ಮಾಡದೆ ಕುಳಿತಿದ್ದರೆ ಹನ್ನೊಂದನೆಯ ಸಲ ಅವನಿಗೇ ನಾಚಿಕೆಯಾಗುತ್ತಿತ್ತು. ಆ ನಾಚಿಕೆ ಲೋಕಕ್ಕೆ ಬಹಳ ಉಪಕಾರ ಮಾಡುತ್ತಿದ್ದ ವಸ್ತು. ಯಂತ್ರಕ್ಕೆ ಮಾತನ್ನು ವಹಿಸಿಕೊಟ್ಟಾಗ ನಾವು ದುಡಿಮೆಯನ್ನು ಮಾತ್ರ ಉಳಿಸಿಕೊಳ್ಳಲಿಲ್ಲ, ನಾಚಿಕೆಯನ್ನೂ ಉಳಿಸಿಕೊಂಡೆವು.

ಮೀಮಾಂಸಕರು ವೇದವನ್ನು ಅಪೌರುಷೇಯವೆಂದು ಸಾಧಿಸಿದರು. ಮಾತಿನ ದೋಷಗಳೆಲ್ಲ ಆಡುವವನಿಂದ ಬರುತ್ತವೆ—ಅವನ ಅಜ್ಞಾನ, ಅವನ ಮರೆವು, ಅವನ ವಂಚನೆ. ಆಡಿದವನೇ ಇಲ್ಲದ ಮಾತಿನಲ್ಲಿ ದೋಷಕ್ಕೆ ಎಡೆಯಿಲ್ಲವೆಂಬುದು ಅವರ ವಾದ. ವೇದದ ಮಾತು ಹಾಗಿರಲಿ. ಇಂದಿನ ವಿದ್ಯಾವಂತರು ತಮಗೆ ತಿಳಿಯದಂತೆಯೇ ಈ ವಾದವನ್ನು ಯಂತ್ರಕ್ಕೆ ಅನ್ವಯಿಸಿಬಿಟ್ಟಿದ್ದಾರೆ. 'ಕಂಪ್ಯೂಟರೇ ಹೇಳುತ್ತಿದೆ' ಎಂದರೆ ಮುಗಿಯಿತು. ಅಲ್ಲಿ ಮನುಷ್ಯನಿಲ್ಲ, ಆದುದರಿಂದ ಪಕ್ಷಪಾತವಿಲ್ಲ, ತಪ್ಪಿಲ್ಲ ಎಂಬ ಭಾವ. ಆದರೆ ಯಂತ್ರದ ಮಾತು ಅಪೌರುಷೇಯವಲ್ಲ. ಪುರುಷನಿದ್ದಾನೆ, ಮರೆಯಲ್ಲಿ ನಿಂತಿದ್ದಾನೆ. ಬಿ-೧೭ರ ಧ್ವನಿಯ ಹಿಂದೆ, ಆಡುವವನಿಗೆ ನಿಜವನ್ನೇ ತಿಳಿಸಬೇಕೆಂದವನು ನಿಂತಿದ್ದ. ಬರ್ಜರ್ಕಿನ ಹಿಂದೆ ಕಾಸು ಬೇಕಾದವನು ನಿಂತಿದ್ದ. ಕುರುಡರ ಲೆಕ್ಕದ ಯಂತ್ರದ ಹಿಂದೆ ಕಾಣದವನ ಕಷ್ಟವನ್ನು ನೆನೆದವನು ನಿಂತಿದ್ದ. ಮರೆ ಮೂರಕ್ಕೂ ಒಂದೇ. ನಿಂತವರು ಬೇರೆ ಬೇರೆ.

ಯಂತ್ರಗಳು ಮಾತನಾಡಬಾರದೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಕುರುಡನ ಕೈಯಿಂದ ಕೋಲನ್ನು ಕಿತ್ತುಕೊಂಡಂತೆ. ಅವುಗಳ ಧ್ವನಿ ನಮ್ಮಂತಿರಬಾರದೆಂದೂ ಹಟ ಹಿಡಿಯುವುದಿಲ್ಲ. ನಾನು ಕೇಳುವುದು ಎರಡೇ. ಮಾತನಾಡುವ ಯಂತ್ರ ಮೊದಲು ತಾನು ಯಂತ್ರವೆಂದೂ ಇಂಥವರ ಪರವಾಗಿ ಮಾತನಾಡುತ್ತಿದ್ದೇನೆಂದೂ ಹೇಳಲಿ. ಹೆಸರು ಹೇಳುವ ಹಳೆಯ ಚಟಕ್ಕೆ ಆಗ ಒಂದು ಸಾರ್ಥಕ್ಯ ಬಂದೀತು. ಎರಡನೆಯದಾಗಿ, ತಾನು ಕಾಣದ್ದನ್ನು ಕಂಡೆನೆಂದೂ, ತನಗಿಲ್ಲದ ಮರುಕವನ್ನು ಇದೆಯೆಂದೂ ಅದರ ಬಾಯಲ್ಲಿ ಹೇಳಿಸಬಾರದು. ಹೇಳಿಸಿದವನು ತಾನೇ ಹೇಳ್ದಂತೆ ಅದಕ್ಕೆ ಹೊಣೆಯಾಗಬೇಕು. ಕಾನೂನು ಇದನ್ನು ಎಷ್ಟರಮಟ್ಟಿಗೆ ಮಾಡಿಸೀತೋ ಕಾನೂನು ಬಲ್ಲವರು ಹೇಳಬೇಕು. ಆದರೆ ಕಾನೂನಿಗಿಂತ ಮೊದಲು ನಾವು ನಮ್ಮ ಕಿವಿಗೆ ಒಂದು ಅಭ್ಯಾಸ ಕಲಿಸಬಹುದು.

ಕಿವಿ ಬಹಳ ಸಾಧುವಾದ ಇಂದ್ರಿಯ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ಬಂದುದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಮಾತು ಕೇಳಿಸಿದರೆ ಅಲ್ಲಿ ಒಬ್ಬ ಮನುಷ್ಯನಿದ್ದಾನೆಂದು ಎಷ್ಟೋ ಸಾವಿರ ವರ್ಷಗಳಿಂದ ನಂಬಿಕೊಂಡು ಬಂದಿದೆ, ಆ ನಂಬಿಕೆ ಇದುವರೆಗೆ ಹೆಚ್ಚಾಗಿ ಸುಳ್ಳಾಗಿರಲಿಲ್ಲ. ಈ ಸಾಧುತನವನ್ನು ಕಳೆದುಕೊಂಡು ಎಲ್ಲ ಮಾತನ್ನೂ ಸಂಶಯದಿಂದ ಕೇಳುವ ಸ್ಥಿತಿ ಬಂದರೆ, ಅದರ ನಷ್ಟ ಯಂತ್ರಕ್ಕಲ್ಲ. ನಾಳೆ ಕಷ್ಟದಲ್ಲಿ ನಿಜವಾಗಿಯೇ ಫೋನ್ ಮಾಡುವ ಮಗನಿಗೆ. ಆದುದರಿಂದ ಕಿವಿಯನ್ನು ಕಿವುಡು ಮಾಡಿಕೊಳ್ಳುವುದು ಬೇಡ. ಮಧುರವಾದ ಧ್ವನಿಯೊಂದು ಕೇಳಿಸಿದಾಗ, ಇದನ್ನು ಬಲ್ಲವರು ಯಾರು, ಇದನ್ನು ಹೇಳಬೇಕೆಂದವರು ಯಾರು ಎಂದು ಸೌಜನ್ಯದಿಂದಲೇ ಕೇಳೋಣ. ಉತ್ತರ ಕೊಡಲು ಯಾರಾದರೂ ಮುಂದೆ ಬಂದರೆ ಅದು ಮಾತು. ಬರದಿದ್ದರೆ ಸದ್ದೆಂದು ತಿಳಿದು, ಫೋನನ್ನು ಕೆಳಗಿಟ್ಟು ನಮ್ಮ ಕೆಲಸ ನೋಡಿಕೊಳ್ಳಬಹುದು.